ಮಗಳ ಪುಸ್ತಕದ ಕಪ್ಪು ಪುಟಗಳು

ಪ್ರತಿ ಸಲ ಸಕ್ಕರೆ, ರಕ್ತದೊತ್ತಡ ಎಂದು ನಿಮ್ಮ ಹಬ್ಬದ ಬಾಯಿರುಚಿ ಕೆಡಿಸುವ ನಾನು ಈ ಬಾರಿ ಚಿತ್ರಗಳ ಬಗ್ಗೆ ಬರೆಯುತ್ತಿದ್ದೇನೆ.

ಹದಿನೇಳರ ನನ್ನ ಮಗಳ ಸ್ಕೆಚ್ ಪುಸ್ತಕದಲ್ಲಿ ಮೊದಲೆಲ್ಲ ನವಿಲು, ಮೈಸೂರು ಅರಮನೆ, ಅಜ್ಜಿಯ ತುಳಸಿಕಟ್ಟೆ ಇರುತ್ತಿದ್ದವು. ಈ ವರ್ಷ ಬಣ್ಣದ ಪೆಟ್ಟಿಗೆ ಮುಚ್ಚಿಟ್ಟಳು. ಪುಟದ ತುಂಬ ಕಪ್ಪು ಶಾಯಿ: ಮಳೆಯಲ್ಲಿ ತಂತಿಯ ಮೇಲೆ ಕೂತ ಕಾಗೆಗಳು, ಮುಖವೇ ಕಾಣದ ಒಬ್ಬ ಮನುಷ್ಯ. "ಹಬ್ಬದ ಹೊತ್ತಿನಲ್ಲಿ ಇದೇನ್ರೀ? ನೀವು ಡಾಕ್ಟರು, ಸ್ವಲ್ಪ ವಿಚಾರಿಸಿ" ಎಂದಳು ನನ್ನ ಶ್ರೀಮತಿ.

ನಿದ್ದೆ ಬರುತ್ತಾ, ಊಟ ಸೇರುತ್ತಾ ಎಂದು ರೋಗಿಯನ್ನು ಕೇಳುವಂತೆಯೇ ಕೇಳಿದೆ. ಮಗಳು ನಕ್ಕಳು. "ಚೆನ್ನಾಗಿದ್ದೀನಪ್ಪ. ಹೊಸ ಶೈಲಿ ಕಲೀತಿದ್ದೀನಿ." ಒತ್ತೊತ್ತಾಗಿ ಗೆರೆ, ಅದರ ಮೇಲೆ ಅಡ್ಡಗೆರೆ, ಗೆರೆ ಹೆಚ್ಚಿದಷ್ಟೂ ಕತ್ತಲೆ. ಬೆಳಕು ಬೇಕಾದಲ್ಲಿ ಕಾಗದವನ್ನು ಹಾಗೇ ಬಿಡಬೇಕಂತೆ. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಕೂಡ ಬಾಲ್ಯದಿಂದಲೇ ಕಾಗೆಗಳನ್ನು ಬರೆದವರು ಎಂದು ನೆನೆದು ಸಮಾಧಾನಪಟ್ಟೆ.

"ಈ ಮನುಷ್ಯ ಯಾರಮ್ಮ?" ಎಂದೆ.

"ನೀನೇ ಅಪ್ಪ. ಅಜ್ಜಿ ಹೋದ ರಾತ್ರಿ."

ಅದು 2020ರ ಏಪ್ರಿಲ್. ಮಾರ್ಚ್ 18ರಿಂದ ಮಲೇಷ್ಯಾದಲ್ಲಿ ಸಂಚಾರ ನಿರ್ಬಂಧ; ಊರಿಗೆ ವಿಮಾನವಿಲ್ಲ. ಅಮ್ಮನ ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿ, ದೀಪ ಹಾಕದೆ ಬಾಲ್ಕನಿಯಲ್ಲಿ ಕೂತಿದ್ದೆ. ಮಗು ಮಲಗಿದೆ ಎಂದುಕೊಂಡಿದ್ದೆ. ಚಿತ್ರದಲ್ಲಿ ಬಿಳಿ ಬಿಟ್ಟಿದ್ದು ಒಂದೇ ಕಡೆ, ನನ್ನ ಕೈಯಲ್ಲಿದ್ದ ಫೋನು.

ಸ್ಪೇನಿನ ಗೋಯಾ 1819ರಲ್ಲಿ ಕಾಯಿಲೆಯಿಂದ ಸಾವಿನ ಬಾಗಿಲು ತಟ್ಟಿ ಬಂದ ಚಿತ್ರಕಾರ. ಮರುವರ್ಷ, ವೈದ್ಯ ಅರ್ರಿಯೇಟಾ ತನಗೆ ಔಷಧ ಕುಡಿಸುತ್ತಿರುವ ಚಿತ್ರ ಬರೆದ. ಹಿಂದಿನ ಕತ್ತಲಲ್ಲಿ ಮಸುಕು ಮುಖಗಳಿವೆ. ಆದರೂ ಅವನು ಅದನ್ನು ಬರೆದದ್ದು ವೈದ್ಯನಿಗೆ ಕೃತಜ್ಞತೆ ಹೇಳಲು.

ಆದ್ದರಿಂದ ತಂದೆ-ತಾಯಂದಿರಲ್ಲಿ ನನ್ನ ವಿನಂತಿ: ಚಿತ್ರ ಕಪ್ಪಾಗಿದೆ ಎಂಬುದೊಂದೇ ಕಾಯಿಲೆಯ ಲಕ್ಷಣವಲ್ಲ. ಗದರಬೇಡಿ, "ಇದರ ಕಥೆ ಹೇಳು" ಎನ್ನಿ. ಆದರೆ ನಿದ್ದೆ, ಊಟ, ಓದು, ಗೆಳೆತನ ಎರಡು ವಾರವಾದರೂ ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ.

ಅಂದು ರಾತ್ರಿ ಮೊದಲ ಬಾರಿಗೆ ಮಗಳ ಜೊತೆ ಅಮ್ಮನ ವಿಷಯ ಮನಸಾರೆ ಮಾತಾಡಿದೆ. ಆ ಪುಟಕ್ಕೆ ಕಟ್ಟು ಹಾಕಿಸಿ ಅಮ್ಮನ ಫೋಟೋ ಪಕ್ಕದಲ್ಲಿಟ್ಟಿದ್ದೇವೆ. ಶ್ರೀಮತಿ ಬೇಡವೆನ್ನಲಿಲ್ಲ, ಈ ಸಲ ಮೊದಲ ಹಣತೆ ಅಲ್ಲೇ ಹಚ್ಚುತ್ತಾಳಂತೆ.

ಎಲ್ಲರಿಗೂ ದೀಪಾವಳಿಯ ಶುಭಾಶಯಗಳು.