ಬಿಟ್ಟ ಆಹಾರವನ್ನು ಮರಳಿ ಪರೀಕ್ಷಿಸಬೇಡವೆ?

ಹಾಲು ತಮಗೆ ಒಗ್ಗದೆಂದು ಒಬ್ಬರು, ಶೇಂಗಾ ಪಿತ್ತವೆಂದು ಮತ್ತೊಬ್ಬರು, ಬದನೆಕಾಯಿ ನಂಜೆಂದು ಇನ್ನೊಬ್ಬರು ಹೇಳುವುದನ್ನು ನಮ್ಮ ಕೊಪ್ಪಳ ಸೀಮೆಯಲ್ಲಿ ದಿನವೂ ಕೇಳುತ್ತೇವೆ. ಅದನ್ನು ಬಿಟ್ಟ ಮೇಲೆ ಹೊಟ್ಟೆನೋವು ನಿಂತಿತು. ಆದುದರಿಂದ ದೋಷವು ಅದರದೇ ಎಂಬುದು ಅವರ ತರ್ಕ. ಇದು ಅರ್ಧ ಪ್ರಯೋಗ ಮಾತ್ರವೆಂದು ನನ್ನ ಅಭಿಪ್ರಾಯ.

ಹೊಟ್ಟೆನೋವು ತಾನಾಗಿಯೇ ನಿಂತಿರಬಹುದು. ಹಾಲನ್ನು ಬಿಟ್ಟವನು ಅದರೊಡನೆ ಚಹವನ್ನೂ ಬಿಟ್ಟಿರಬಹುದು. ಮನೆಯ ಫ್ಯೂಸು ಪದೇ ಪದೇ ಸುಟ್ಟುಹೋದರೆ ನಾವೇನು ಮಾಡುತ್ತೇವೆ? ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಬಳಿಕ ಒಂದೊಂದನ್ನೇ ಹಾಕಿ, ಕೆಟ್ಟ ಉಪಕರಣವನ್ನು ಕಂಡುಹಿಡಿಯುತ್ತೇವೆ. ಎಲ್ಲವನ್ನೂ ಆರಿಸಿ ಕತ್ತಲೆಯಲ್ಲಿ ಕುಳಿತುಬಿಡುವುದಿಲ್ಲ.

ಆಹಾರದಲ್ಲಿಯೂ ಕ್ರಮ ಇದೇ. ಅಮೆರಿಕದ ವೈದ್ಯ ಆಲ್ಬರ್ಟ್ ರೋ ಅವರು 1920ರ ದಶಕದಿಂದ ಈ ವರ್ಜನ ಪದ್ಧತಿಯನ್ನು ಬಳಕೆಗೆ ತಂದರು. ಸಂಶಯದ ಪದಾರ್ಥಗಳನ್ನು ಎರಡರಿಂದ ನಾಲ್ಕು ವಾರ ಬಿಡಬೇಕು. ತೊಂದರೆ ಶಮನವಾದರೆ, ಒಂದು ಪದಾರ್ಥವನ್ನು ಮಾತ್ರ ಅಲ್ಪ ಪ್ರಮಾಣದಿಂದ ಆರಂಭಿಸಿ, ಸುಮಾರು ಮೂರು ದಿನ ಹೆಚ್ಚಿಸುತ್ತ, ಕಂಡುದನ್ನು ಬರೆದಿಡಬೇಕು. ಅನಂತರವೇ ಮುಂದಿನ ಪದಾರ್ಥ.

ಮನಸ್ಸಿನ ಭಯವೂ ಹೊಟ್ಟೆಯನ್ನು ಕೆಡಿಸಬಲ್ಲುದು. ಸ್ವಲ್ಪ ಹಾಲೂ ತಮಗಾಗದೆಂದು ದೃಢವಾಗಿ ನಂಬಿದ್ದ 30 ಜನರಿಗೆ ಅಮೆರಿಕದ ವಿಜ್ಞಾನಿಗಳು ದಿನಕ್ಕೆ 240 ಮಿಲಿಲೀಟರಿನಂತೆ ಒಂದು ವಾರ ಸಾಮಾನ್ಯ ಹಾಲನ್ನೂ, ಇನ್ನೊಂದು ವಾರ ಲ್ಯಾಕ್ಟೋಸ್ ಸಕ್ಕರೆಯನ್ನು ಮೊದಲೇ ವಿಭಜಿಸಿದ ಹಾಲನ್ನೂ ಕುಡಿಸಿದರು. ಯಾವ ವಾರ ಯಾವುದೆಂಬುದು ಕುಡಿದವರಿಗೆ ತಿಳಿದಿರಲಿಲ್ಲ. 1995ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡು ವಾರಗಳ ತೊಂದರೆಯಲ್ಲಿ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ.

ಈ ವಿಷಯ ನಮಗೆ ಕೇವಲ ಕುತೂಹಲದ್ದಲ್ಲ. ತುಂಗಭದ್ರೆಯ ಕಾಲುವೆ ಹರಿಯುವ ಗಂಗಾವತಿಯಲ್ಲಿ ಅನ್ನವಿದೆ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳಲ್ಲಿ ಜೋಳದ, ಸಜ್ಜೆಯ ರೊಟ್ಟಿಯಿದೆ. ಇವುಗಳೊಡನೆ ಬೆಳೆಯುವ ಮಗುವಿನ ಮೈಗೂಡುವುದು ಬೇಳೆ, ಶೇಂಗಾ, ಹಾಲು, ಮಜ್ಜಿಗೆಗಳಿಂದ. ಬರಿಯ ಊಹೆಯ ಮೇಲೆ ಶೇಂಗಾವನ್ನೂ ಹಾಲನ್ನೂ ತಟ್ಟೆಯಿಂದ ತೆಗೆದರೆ, ಬಡ ಮನೆಯಲ್ಲಿ ಆ ಪ್ರೋಟೀನನ್ನೂ ಸುಣ್ಣದಂಶವನ್ನೂ ತುಂಬಿಕೊಡುವ ಬದಲಿ ಪದಾರ್ಥ ಸುಲಭವಾಗಿ ದೊರೆಯದು.

ಆದರೆ ಒಂದು ಎಚ್ಚರಿಕೆ. ಯಾವುದಾದರೂ ಆಹಾರದಿಂದ ಹಿಂದೆ ತುಟಿ ಊದಿದ್ದರೆ, ಮೈಮೇಲೆ ಗಂಧೆ ಎದ್ದಿದ್ದರೆ, ಉಸಿರು ಕಟ್ಟಿದ್ದರೆ ಅದನ್ನು ಮನೆಯಲ್ಲಿ ಎಂದಿಗೂ ಪರೀಕ್ಷಿಸಕೂಡದು; ಪ್ರಾಣಕ್ಕೇ ಅಪಾಯವುಂಟು. ಅದು ಆಸ್ಪತ್ರೆಯಲ್ಲಿ ವೈದ್ಯರ ಮುಂದೆ ನಡೆಯಬೇಕಾದ ಕೆಲಸ. ಮಕ್ಕಳ ಆಹಾರವನ್ನು ಬಿಡಿಸುವ ಮುನ್ನವೂ ವೈದ್ಯರನ್ನು ಕೇಳತಕ್ಕದ್ದು.

ಆಹಾರವೊಂದನ್ನು ಕೆಲವು ದಿನ ಬಿಡುವುದಕ್ಕೆ ಸಂಶಯ ಸಾಕು. ಜೀವಮಾನವೆಲ್ಲ ಬಿಡುವುದಕ್ಕೆ ಪುರಾವೆ ಬೇಕು. ವಿಜ್ಞಾನವನ್ನು ಓದುವ ವಿದ್ಯಾರ್ಥಿಗಳು ಈ ಮಾತನ್ನು ತಮ್ಮ ಮನೆಯ ಹಿರಿಯರಿಗೆ ತಿಳಿಯಹೇಳಲಿ.