ಮಳೆಯ ದಿನ, ಮೊರದ ಮುಂದೆ



ಮಠದ ಪ್ರಸಾದನಿಲಯದಲ್ಲಿ ಬೆಳೆದ ನಮಗೆ ಬೆಳಗಾಗುತ್ತಲೇ ಹೊರಬೀಳುವುದು ಮೊದಲಿನಿಂದಲೂ ರೂಢಿ. ಮೊದಲು ಓದು, ಆಮೇಲೆ ಅಧ್ಯಾಪನ, ನಿವೃತ್ತಿಯ ಬಳಿಕ ಪ್ರವಚನ; ಹೀಗೆ ವರ್ಷಗಳು ಸಂದವು. ಶ್ರಾವಣವೆಂದರಂತೂ ತಿಂಗಳಿಡೀ ಊರೂರು ಸಂಚಾರ. ಗೃಹಸ್ಥರಾಗಿ ೩೫ ವರ್ಷ ಕಳೆದಿದ್ದರೂ ಧರ್ಮಪತ್ನಿಯೊಡನೆ ಹಗಲಿಡೀ ಮನೆಯಲ್ಲಿ ಕುಳಿತ ನೆನಪು ನಮಗಿರಲಿಲ್ಲ. ಅಂಥ ದಿನವೊಂದನ್ನು ೨೦೧೯ರ ಶ್ರಾವಣದ ಮಳೆ ಒದಗಿಸಿತು.

ಆಗ ಆಶ್ಲೇಷಾ ಮಳೆ. ಧಾರವಾಡದಲ್ಲಿ ಹಗಲಿರುಳೆನ್ನದೆ ಸುರಿಯುತ್ತಿತ್ತು. ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ಎರೆಹೊಲಗಳು ನೀರಿನಲ್ಲಿ ಮುಳುಗಿದ್ದವು. ನಾವು ಪ್ರವಚನಕ್ಕೆ ಒಪ್ಪಿಕೊಂಡಿದ್ದ ಊರಿನಿಂದ ಬೆಳಿಗ್ಗೆಯೇ ದೂರವಾಣಿ ಬಂದಿತು: ದಾರಿ ಮುಚ್ಚಿದೆ, ಹೊರಡಬೇಡಿರಿ ಎಂದು. ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಾಯಕವೇ ಅಂದಿನ ವಿಷಯವಾಗಿತ್ತು. ಬರೆದಿಟ್ಟ ಟಿಪ್ಪಣಿಯನ್ನು ಮಡಿಚಿ ಕೈಚೀಲಕ್ಕೆ ಸೇರಿಸಿದೆವು.

ಅಷ್ಟರಲ್ಲಿ ವಿದ್ಯುತ್ತೂ ಹೋಯಿತು. ಪಡಸಾಲೆಯ ಹಂಚು ಸೋರಿದಲ್ಲಿ ಬೋಗುಣಿ ಇಟ್ಟು ಬಂದ ನಮ್ಮಾಕೆ ನಕ್ಕು, “ಮಳೀನಾದರೂ ನಿಮ್ಮನ್ನ ಒಂದಿನ ಮನ್ಯಾಗ ಕೂಡಿಸ್ತಲ್ಲರೀ” ಎಂದರು. ಒಗ್ಗರಣೆಯ ಚುರುಮುರಿ, ಹುರಿದ ಶೇಂಗಾ, ಬಿಸಿ ಚಹಾ ಬಂದವು. ಮದುವೆಯಾದ ಹೊಸದರಲ್ಲಿ ನಾವಿದ್ದ ಒಂದೇ ಕೋಣೆಯ ಬಾಡಿಗೆ ಮನೆಯ ಮಾತು ಬಂದಿತು. ಅದೂ ಹೀಗೆಯೇ ಸೋರುತ್ತಿತ್ತು.

ಮಧ್ಯಾಹ್ನ ಆಕೆ ಅಕ್ಕಿಯ ಮೊರ ಹಿಡಿದು ಬಾಗಿಲ ಬೆಳಕಿಗೆ ಕುಳಿತರು. ಓದಲು ಬೆಳಕು ಸಾಲದ ಕಾರಣ ನಾವೂ ಎದುರಿಗೆ ಕುಳಿತೆವು. ಆಕೆ ಅಕ್ಕಿಯನ್ನು ನೋಡುತ್ತಿರಲಿಲ್ಲ; ಬೆರಳಿನಿಂದ ಸವರಿ ಸವರಿ ಹರಳು ಹುಡುಕುತ್ತಿದ್ದರು. ಆರಿಸಿ ಬದಿಗೆ ಸರಿಸಿದ ರಾಶಿಯಲ್ಲಿಯೇ ನಮ್ಮ ಕಣ್ಣಿಗೆ ನಾಲ್ಕು ಹರಳು ಬಿದ್ದವು. ಕೆಲವು ತಿಂಗಳುಗಳಿಂದ ಅನ್ನದಲ್ಲಿ ಹರಳು ಸಿಕ್ಕಾಗಲೆಲ್ಲ ತಾಟಿನ ಮುಂದೆ ಗೊಣಗಿದ್ದು ನೆನಪಾಗಿ ಕೈ ನಿಂತಿತು.

“ಎಷ್ಟು ದಿನಾತು ಹಿಂಗ?” ಎಂದು ಕೇಳಿದೆವು.

“ಎರಡು ವರ್ಷದ ಮ್ಯಾಲಾತು. ಎಲ್ಲಾ ಮಂಜು ಮಂಜು ಕಾಣ್ತದ. ಪೊರಿ ಹಣ್ಣಾದ ಮ್ಯಾಲ ತೆಗಿಸಿದರಾತು ಅಂತ ಸುಮ್ಮನಿದ್ದೆ.”

“ನನಗ್ಯಾಕ ಹೇಳಲಿಲ್ಲ?”

“ಹೇಳಾಕ ನೀವು ಕುಂತಿರೇನ್ರೀ?”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಹಗುರಾಗುತ್ತಿತ್ತು.

ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಅದನ್ನು ಗುರುತಿಸಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಹೇಳಿದರು. ಈ ಪ್ರಸಂಗವನ್ನು ಎಷ್ಟೋ ವೇದಿಕೆಗಳಲ್ಲಿ ಹೇಳಿ ಆಸೆಯನ್ನು ಖಂಡಿಸಿದ್ದೇವೆ. ಪತಿ ತಂದ ಅಕ್ಕಿಯ ಅಳತೆ ತಪ್ಪಿದ್ದು ಆ ತಾಯಿಗೆ ತಿಳಿದದ್ದು ಹೇಗೆಂದು ಮಾತ್ರ ನಾವು ಯೋಚಿಸಿರಲಿಲ್ಲ. ಆಕೆಗೆ ದಿನವೂ ನೋಡುವ ಕಣ್ಣಿತ್ತು. ನಮ್ಮ ಮನೆಯ ಮೊರದ ಮುಂದೆ ಮಂಜಾದ ಕಣ್ಣು ನಮ್ಮಾಕೆಯದಾಗಿತ್ತು. ಕಾಣದೆ ಹೋದವರು ನಾವಾಗಿದ್ದೆವು.

ಮಳೆ ಹೊಳವಾದ ವಾರವೇ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದೆವು. ಪೊರೆ ಹಣ್ಣಾಗುವವರೆಗೆ ಕಾಯಬೇಕೆಂಬುದು ಹಳೆಯ ನಂಬಿಕೆ. ಈಗ ಅದರ ಅಗತ್ಯವಿಲ್ಲ. ದಿನದ ಕೆಲಸಕ್ಕೆ ತೊಡಕಾದರೆ ತೆಗೆಸಬಹುದು. ಬಹಳ ಬಲಿತರೆ ಶಸ್ತ್ರಚಿಕಿತ್ಸೆ ಕಠಿಣವಾಗುತ್ತದೆ. ಕಣ್ಣಿನೊಳಗಿನ ಒತ್ತಡ ಏರುವ ಅಪಾಯವೂ ಉಂಟು. ಔಷಧದ ಹನಿಗಳಿಂದ ಪೊರೆ ಕರಗುವುದಿಲ್ಲ. ಮಸುಕಾದ ಮಸೂರವನ್ನು ತೆಗೆದು ಕೃತಕ ಮಸೂರವನ್ನು ಕೂಡಿಸುವರು. ಹೆಚ್ಚಿನವರು ಅದೇ ದಿನ ಮನೆಗೆ ಮರಳುವರು. ೧೯೭೬ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತವಾಗಿ ನಡೆಯುತ್ತದೆ. ಆದುದರಿಂದ ಬಡತನದ ಕಾರಣಕ್ಕೆ ಯಾರೂ ಮುಂದೂಡಬೇಕಾಗಿಲ್ಲ.

ಪಟ್ಟಿ ಬಿಚ್ಚಿದಾಗ ನಮ್ಮಾಕೆ ನಮ್ಮ ಮುಖವನ್ನು ಬಹಳ ಹೊತ್ತು ನೋಡಿ, “ನೀವು ಇಷ್ಟು ಮುಪ್ಪಾಗೀರಿ ಅಂತ ಗೊತ್ತ ಇದ್ದಿದ್ದಿಲ್ಲ” ಎಂದರು. ಇಬ್ಬರೂ ನಕ್ಕೆವು.

ಈಗ ವಾರಕ್ಕೊಂದು ದಿನ ನಾವು ಯಾವ ಊರಿಗೂ ಮಾತು ಕೊಡುವುದಿಲ್ಲ. ಅಂದು ಅಕ್ಕಿ ಆರಿಸುವುದು ನಮ್ಮ ಕಾಯಕ. ಬಂಧುಗಳೇ, ಮಳೆಯೋ ಗಾಳಿಯೋ ನಿಮ್ಮನ್ನು ಮನೆಯಲ್ಲಿ ನಿಲ್ಲಿಸಿದರೆ ಬೇಸರಪಡಬೇಡಿರಿ. ಜೊತೆಗೆ ಬಾಳಿದ ಜೀವದ ಎದುರಿಗೆ ಒಂದು ಗಳಿಗೆ ಕುಳಿತು ಆ ಕೈ ಹೇಗೆ ಕೆಲಸ ಮಾಡುತ್ತಿದೆ, ಆ ಕಣ್ಣು ಹೇಗೆ ನೋಡುತ್ತಿದೆ ಎಂಬುದನ್ನು ಗಮನಿಸಿರಿ. ಕೇಳದ ಹೊರತು ಹೇಳದ ನೋವು ಪ್ರತಿಯೊಂದು ಮನೆಯಲ್ಲಿಯೂ ಇರಬಹುದು.