ಚಿನ್ನ ಅವರಿಗೆ, ಗುಡ್ಡ ನಮಗೆ

ಕೋಲಾರದ ಗಣಿ ಅಂದರೆ ಎಲ್ಲರೂ ಚಿನ್ನದ ಮಾತಾಡುತ್ತಾರೆ. ನಾವು ನೀರಿನ ಮಾತಾಡುತ್ತೇವೆ. ಯಾಕೆಂದರೆ ಚಿನ್ನ ನಮ್ಮ ಜನರ ಗುಡಿಸಲಿಗೆ ಬರಲಿಲ್ಲ. ಬಂದದ್ದು ದೂಳು, ಬರುತ್ತಿರುವುದು ನೀರು.

ಲೆಕ್ಕ ಕೇಳಿ. ೧೮೮೦ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಬಂತು. ೨೦೦೧ರ ಫೆಬ್ರವರಿ ೨೮ರಂದು ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ನಡುವೆ ನೆಲದಿಂದ ತೆಗೆದದ್ದು ಸುಮಾರು ೮೦೦ ಟನ್ ಚಿನ್ನ. ಅದಕ್ಕಾಗಿ ಅಗೆದು, ಹೊತ್ತು, ಅರೆದದ್ದು ೫ ಕೋಟಿ ಟನ್ನಿಗೂ ಮಿಕ್ಕಿದ ಕಲ್ಲು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಆ ಕುದಿಯುವ ಕತ್ತಲೆಗೆ ಇಳಿದವರು ಯಾರು? ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಹೊಟ್ಟೆಪಾಡಿಗೆ ಬಂದ ನಮ್ಮ ಕೇರಿಯ ಜನ. ಊರಲ್ಲಿ ಬಾವಿ ಮುಟ್ಟಬಾರದು ಅಂದವರಿಗೆ, ಇವರು ಮುಟ್ಟಿದ ಚಿನ್ನ ಮಾತ್ರ ಮೈಲಿಗೆ ಆಗಲಿಲ್ಲ. ಅದು ನೇರವಾಗಿ ದೇವರ ಕಿರೀಟಕ್ಕೆ ಹೋಯಿತು, ಧಣಿಗಳ ಕೊರಳಿಗೆ ಹೋಯಿತು.

ಚಿನ್ನ ಹೋಯಿತು, ಸರಿ. ಅರೆದ ಕಲ್ಲು ಎಲ್ಲಿ ಹೋಯಿತು? ಎಲ್ಲೂ ಹೋಗಲಿಲ್ಲ. ಕೆ.ಜಿ.ಎಫ್‌ನಲ್ಲೇ ಕೂತಿದೆ. ಸಾವಿರ ಎಕರೆಗೂ ಹೆಚ್ಚು ನೆಲದ ಮೇಲೆ ೧೩ ಗುಡ್ಡ, ೩.೩ ಕೋಟಿ ಟನ್. ಊರಿನ ಜನಸಂಖ್ಯೆ ೨೦೧೧ರ ಗಣತಿಯಲ್ಲಿ ಸುಮಾರು ೧.೬ ಲಕ್ಷ. ಮೇಷ್ಟ್ರೇ, ನಿಮ್ಮ ಮಕ್ಕಳಿಗೆ ಭಾಗಾಕಾರದ ಲೆಕ್ಕವಾಗಿ ಕೊಡಿ: ತಲೆಗೆ ೨೦೦ ಟನ್ ಕಸ. ತೊಟ್ಟಿಲ ಕೂಸಿಗೂ ೨೦೦ ಟನ್! ಇದೇ ನಮಗೆ ಸಿಕ್ಕ ಪಿತ್ರಾರ್ಜಿತ.

ಜನ ಅದನ್ನು ಸೈನೈಡ್ ಗುಡ್ಡ ಅಂತಾರೆ. ಯಾಕೆ ಆ ಹೆಸರು? ಕಲ್ಲನ್ನು ಹಿಟ್ಟಿನ ಹಾಗೆ ಅರೆದು, ಸುಣ್ಣದ ನೀರಲ್ಲಿ ಸೈನೈಡ್ ಕಲಸಿದರೆ ಚಿನ್ನ ಕರಗಿ ನೀರಿಗೆ ಇಳಿಯುತ್ತದೆ. ಆ ನೀರಿಗೆ ಸತುವಿನ ಪುಡಿ ಹಾಕಿದರೆ ಚಿನ್ನ ಬೇರೆಯಾಗಿ ಕೆಳಗೆ ಕೂರುತ್ತದೆ. ಉಳಿದ ರಾಡಿ ಹೊರಕ್ಕೆ. ಹೀಗೆ ಹೊರಕ್ಕೆ ಹೋದದ್ದೇ ಒಣಗಿ ಗುಡ್ಡವಾಯಿತು.

ಈಗ ಕೋಟು ಹಾಕಿದ ಪಂಡಿತರು ಬಂದು ಹೇಳುತ್ತಾರೆ: 'ಸೈನೈಡ್ ಬಿಸಿಲಿಗೆ ಒಡೆದು ಹೋಗುತ್ತೆ ಕಣ್ರಯ್ಯ, ಹೆದರಬೇಡಿ.' ಅರ್ಧ ನಿಜ ಹೇಳುವುದು ಪೂರ್ತಿ ಸುಳ್ಳಿಗಿಂತ ಕೇಡು. ಬಿಸಿಲು ಗಾಳಿಗೆ ಸೈನೈಡ್ ಬಹುಮಟ್ಟಿಗೆ ಒಡೆಯುತ್ತದೆ, ಒಪ್ಪಿದೆವು. ಆದರೆ ಆ ಕಲ್ಲಲ್ಲಿ ಇದ್ದ ಗಂಧಕ? ಗಂಧಕದ ಜೊತೆ ಅಂಟಿಕೊಂಡ ಆರ್ಸೆನಿಕ್? ಅವು ಬಿಸಿಲಿಗೆ ಆವಿಯಾಗುವುದಿಲ್ಲ. ಗಾಳಿ, ಮಳೆ ತಗುಲಿದರೆ ಗಂಧಕದ ಕಲ್ಲು ಆಮ್ಲ ಬಿಡುತ್ತದೆ. ಆಮ್ಲದ ನೀರು ಲೋಹಗಳನ್ನು ಕರಗಿಸಿಕೊಂಡು ಹಳ್ಳಕ್ಕೆ, ಕೆರೆಗೆ, ಬಾವಿಗೆ ಇಳಿಯಬಲ್ಲದು. ಕುಡಿಯುವ ನೀರಲ್ಲಿ ಆರ್ಸೆನಿಕ್ ಲೀಟರಿಗೆ ೦.೦೧ ಮಿಲಿಗ್ರಾಂ ದಾಟಬಾರದು ಅಂತ ಸರ್ಕಾರದ್ದೇ ಮಾನಕ ಹೇಳುತ್ತದೆ. ಇನ್ನು ದೂಳು. ಅದು ಕಲ್ಲಿನ ಹುಡಿ. ಆಷಾಢದ ಗಾಳಿಗೆ ಎದ್ದು ಅನ್ನದ ತಟ್ಟೆಗೆ ಬೀಳುತ್ತದೆ. ಗಣಿಯೊಳಗೆ ಅಪ್ಪನ ಶ್ವಾಸಕೋಶ ತಿಂದದ್ದು ಇದೇ ಕಲ್ಲಿನ ಹುಡಿ. ಈಗ ಅಂಗಳದಲ್ಲಿ ಮೊಮ್ಮಗನಿಗಾಗಿ ಕಾದಿದೆ.

ಕಂಪನಿಗೆ ಒಳ್ಳೆ ನೀರಿನ ಬೆಲೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಸ್ವಾಮಿ! ಬೇತಮಂಗಲದಲ್ಲಿ ಪಾಲಾರ್ ನೀರು ನಿಲ್ಲಿಸಿ ಕೊಳವೆ ಹಾಕಿ ತಂದರು. ೧೯೦೨ರಲ್ಲೇ ಶಿವನಸಮುದ್ರದಿಂದ ಕರೆಂಟು ಎಳೆದು ತಂದರು. ಚಿನ್ನಕ್ಕೆ ಬೇಕು ಅಂದಾಗ ವಿಜ್ಞಾನ ಓಡೋಡಿ ಬಂತು. ಗುಡ್ಡದ ಬುಡಕ್ಕೆ ಒಂದು ಕಟ್ಟೆ, ನೆತ್ತಿಗೆ ಒಂದು ಹೊದಿಕೆ ಬೇಕು ಅಂದಾಗ ಮಾತ್ರ ವಿಜ್ಞಾನಕ್ಕೆ ಕಾಲುನೋವು.

೨೦೧೮ರಲ್ಲಿ ಈ ಗುಡ್ಡ ಸಿನಿಮಾದಲ್ಲಿ ಮೆರೆಯಿತು. ದೇಶವೆಲ್ಲ ಶಿಳ್ಳೆ ಹೊಡೆಯಿತು. ೨೦೨೪ರ ಜೂನ್‌ನಲ್ಲಿ ರಾಜ್ಯ ಸಂಪುಟ ಈ ೧೩ ಗುಡ್ಡಗಳನ್ನು ಹರಾಜು ಹಾಕುವ ಕೇಂದ್ರದ ಪ್ರಸ್ತಾಪಕ್ಕೆ ಒಪ್ಪಿಗೆ ಕೊಟ್ಟಿತು. ಟನ್ನಿಗೆ ಒಂದು ಗ್ರಾಮಿಗಿಂತ ಕಮ್ಮಿ ಇದ್ದರೂ ಬಿಡುವುದಿಲ್ಲ, ಮತ್ತೆ ಅರೆದು ತೆಗೆಯಬೇಕಂತೆ. ಅಂದರೆ ಕೂತ ಗುಡ್ಡವನ್ನು ಎಬ್ಬಿಸಿ, ಮತ್ತೆ ನೀರಲ್ಲಿ ಕಲಸಿ, ಮತ್ತೆ ಸುರಿಯುವುದು. ಎಲ್ಲಿಗೆ? ಯಾರ ಕೇರಿಯ ಪಕ್ಕಕ್ಕೆ?

ಅವರು ಕೇಳುತ್ತಾರೆ: ಹಾಗಾದರೆ ನಿಮಗೆ ಕೆಲಸ ಬೇಡವಾ? ಬೇಕು. ಗಣಿ ಮುಚ್ಚಿದ ಮೇಲೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಓಡುವವರು ನಾವೇ. ಆದರೆ ಕೂಲಿಗೆ ಬದಲಾಗಿ ಬಾವಿ ಕೊಡುವುದಿಲ್ಲ.

ಮಾಡುವ ದಾರಿ ಇಲ್ಲ ಅನ್ನುವ ಹಾಗಿಲ್ಲ. ೨೦೦೦ದ ಜನವರಿಯಲ್ಲಿ ರೊಮೇನಿಯಾದ ಬಾಯಿಯಾ ಮಾರೆಯಲ್ಲಿ ರಾಡಿಯ ಕಟ್ಟೆ ಒಡೆದು ಸೈನೈಡ್ ನೀರು ತಿಸಾ ನದಿಗೆ ನುಗ್ಗಿತು. ಮೀನು ರಾಶಿ ರಾಶಿ ಸತ್ತವು. ಆಮೇಲೆ ಜಗತ್ತಿನ ಗಣಿಗಾರರೇ ಕೂತು ಸೈನೈಡ್ ಬಳಕೆಗೆ ನಿಯಮಾವಳಿ ಒಪ್ಪಿಕೊಂಡರು. ಯುರೋಪಿನ ಮೀನಿಗೆ ಸಿಕ್ಕ ಮರ್ಯಾದೆ ಮಾರಿಕುಪ್ಪಂನ ಮನುಷ್ಯನಿಗೆ ಸಿಗಬಾರದೇ?

ಆದ್ದರಿಂದ ನಮ್ಮ ಮಾತು ಇಷ್ಟೇ. ಮೊದಲು ನೀರು, ಆಮೇಲೆ ಚಿನ್ನ. ಹರಾಜಿನ ಸುತ್ತಿಗೆ ಬೀಳುವ ಮುಂಚೆ ಸುತ್ತಲಿನ ಪ್ರತಿ ಬಾವಿ, ಪ್ರತಿ ಬೋರ್‌ವೆಲ್ ಪರೀಕ್ಷೆ ಆಗಲಿ. ಹೊಸ ರಾಡಿಯ ಹೊಂಡಕ್ಕೆ ನೀರು ಇಂಗದ ಹಾಸು ಇರಲಿ. ಸೈನೈಡನ್ನು ಒಡೆದ ಮೇಲೆಯೇ ರಾಡಿ ಹೊರಗೆ ಬರಲಿ, ಬಳಸಿದ ನೀರು ಗಿರಣಿಗೇ ವಾಪಸ್ಸು ಹೋಗಲಿ. ಭೂಮಿಯೊಳಗಿಂದ ಇಂದಿಗೂ ಚಿನ್ನ ತೆಗೆಯುತ್ತಿರುವ ರಾಯಚೂರಿನ ಹಟ್ಟಿಗೂ ಇದೇ ನ್ಯಾಯ ಇರಲಿ. ಪರೀಕ್ಷೆಯ ಫಲಿತಾಂಶ ಕಡತದಲ್ಲಿ ಮಲಗುವುದು ಬೇಡ. ತಿಂಗಳು ತಿಂಗಳು ಕನ್ನಡದಲ್ಲಿ, ತಮಿಳಿನಲ್ಲಿ, ಶಾಲೆಯ ಗೋಡೆಯ ಮೇಲೆ ಬರೆಸಲಿ. ಮಕ್ಕಳು ಓದಲಿ.

ನಮ್ಮನ್ನು ಕೆರೆ ಮುಟ್ಟಬೇಡಿ ಅಂದ ದೇಶ ಇದು. ೧೯೨೭ರಲ್ಲಿ ಮಹಾಡದ ಕೆರೆಗೆ ಇಳಿದು ಬಾಬಾಸಾಹೇಬರು ಬೊಗಸೆಯಲ್ಲಿ ನೀರೆತ್ತಿದರು. ಆ ಬೊಗಸೆಯಲ್ಲಿ ಈಗ ಏನಿದೆ ಎಂದು ಕೇಳುವ ಸರದಿ ನಮ್ಮದು.